ನಾಲ್ಕು ರೊಪ್ಪ, ನಾಲ್ಕು ಪಾಸ್‌ಬುಕ್

ಕುರಿಗಳು ಒಟ್ಟು ಹನ್ನೆರಡಿದ್ದವೋ ಹದಿನಾರೋ, ಈಗ ಖಚಿತವಾಗಿ ಹೇಳಲಾರೆ. ಕೊರಟಗೆರೆ ಕಡೆಯವು ಸಿದ್ದರಬೆಟ್ಟದ ಬುಡದ ಹಟ್ಟಿಯೊಂದರಲ್ಲಿದ್ದವು ಎಂದು ನೆನಪು. ಆದರೆ ಆ ಬೆಟ್ಟಕ್ಕೆ ಆಮೇಲೆ ಎಷ್ಟೋ ಸಲ ವಿದ್ಯಾರ್ಥಿಗಳ ಜೊತೆ ಹೋಗಿದ್ದೇನೆ. ಆಗ ಕಂಡ ಯಾವುದೋ ಹಟ್ಟಿಯನ್ನು ಬಾಲ್ಯಕ್ಕೆ ತಂದು ಸೇರಿಸಿಕೊಂಡಿರಲೂಬಹುದು. ಅತ್ತೆ ಆಡಿದಳೆಂದು ಇಲ್ಲಿ ಬರೆಯುವ ಮಾತುಗಳಲ್ಲಿ ಅರ್ಧ ಅವಳವು. ಉಳಿದವನ್ನು ನಿವೃತ್ತಿಯಾದ ಈ ಎರಡು ವರ್ಷಗಳಲ್ಲಿ ನಾನೇ ನನ್ನ ಅನುಕೂಲಕ್ಕೆ ತಿದ್ದಿಕೊಂಡಿರಬೇಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇಂಥದ್ದೇ ಒಂದು ನೆನಪನ್ನು ನಂಬಿ ನಾನು ನಿವೃತ್ತಿಯಲ್ಲಿ ಕೈಗೆ ಬಂದ ಹಣವನ್ನೆಲ್ಲ ಹೂಡಿದ್ದೆ.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಮದುವೆಯಾದ ನಾಲ್ಕೈದು ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಶಿರಾ ಹತ್ತಿರದ ಆ ಹಳ್ಳಿಯಲ್ಲಿ ಗಂಡನ ಕಡೆಯವರು ಜಮೀನಿನ ಪಾಲಿನ ಬದಲು ಅವಳಿಗೆ ಕೊಟ್ಟದ್ದು ಒಂದಷ್ಟು ಕುರಿ. ಅವನ್ನು ಅವಳು ವಾರಕ್ಕೆ ಕೊಟ್ಟಳು. ಅಂದರೆ ಕುರಿ ಅವಳದು, ಮೇಯಿಸುವ ಕೆಲಸ ಕುರಿಗಾಹಿಯದು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಸಮಪಾಲು. ಊರಿನ ಮಿಕ್ಕವರು ಗೊತ್ತಿದ್ದ ಒಬ್ಬನಿಗೆ ಎಲ್ಲವನ್ನೂ ಒಪ್ಪಿಸಿ ಸುಮ್ಮನಿರುತ್ತಿದ್ದರು. ಅತ್ತೆ ಮಾತ್ರ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಂದು ನಾಲ್ಕು ತಾಲ್ಲೂಕಿನ ನಾಲ್ಕು ರೊಪ್ಪಗಳಿಗೆ, ಅಂದರೆ ಕುರಿದೊಡ್ಡಿಗಳಿಗೆ, ಹಂಚಿದಳು. ಪ್ರತಿ ಕುರಿಯ ಎಡಗಿವಿಯ ತುದಿಯಲ್ಲಿ ಸಣ್ಣದೊಂದು ಕಚ್ಚು ಇರುತ್ತಿತ್ತು. ಅದು ಅವಳ ಗುರುತು.

ಶಾಲೆಗೆ ರಜೆ ಬಂದಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ರೊಪ್ಪದ ಬೇಲಿಯ ಹೊರಗೆ ನಿಂತು, ಕಿವಿ ನೋಡಿ ತನ್ನವನ್ನು ಎಣಿಸಿ, ಕುರಿಗಾಹಿಯ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು ಮತ್ತೆ ಬಸ್ಸು ಹತ್ತುವುದು. ಒಮ್ಮೆ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಹಟ ಹಿಡಿದು ಕುಳಿತೆ.

"ಎಲ್ಲಾನೂ ಶಿರಾದಲ್ಲೇ ಬಿಡಬಾರ್ದಾ ಅತ್ತೆ? ನಂಗೆ ಕಾಲು ನೋಯ್ತವೆ."

"ಒಂದೇ ರೊಪ್ಪದಾಗೆ ಬುಟ್ರೆ, ರೋಗ ಬಂದಾಗ ಒಂದೇ ಕಿತ ಎಲ್ಲಾ ಹೋಗ್ಬುಡ್ತವೆ ಕಣಮ್ಮಿ. ಅಲ್ಲಿ ಮಳೆ ಇಲ್ದಿದ್ರೆ ಇಲ್ಲಿ ಹುಯ್ತದೆ. ನಾಕು ಕಡೆ ಇದ್ರೆ ಒಂದು ಕಡೆನಾದ್ರೂ ಮರಿ ಹಾಕ್ತವೆ," ಎಂದಳು. ಆಮೇಲೆ ನನ್ನ ಕಾಲು ನೋಡಿ, "ಕುರಿ ದಿನಾ ನಡೀತದೆ, ಒಂದಿನಾನೂ ಇಂಗೆ ಅತ್ತಿಲ್ಲ. ಏಳು ಮೇಲೆ," ಎಂದಳು.

ಬಿ.ಎ. ಸಾಕು ಎಂದು ಅಪ್ಪ ಕೈ ಚೆಲ್ಲಿದಾಗ ಮೈಸೂರಿನಲ್ಲಿ ನನ್ನನ್ನು ಎಂ.ಎ. ಓದಿಸಿದ್ದು ಆ ಕುರಿಗಳೇ. ತಿಂಗಳ ಮೊದಲ ವಾರ ಹಾಸ್ಟೆಲ್ಲಿಗೆ ಮನಿಯಾರ್ಡರ್ ಬರುತ್ತಿತ್ತು. ನಾನು ಓದಿದ್ದು ಅರ್ಥಶಾಸ್ತ್ರ, ಮುಂದೆ ಕಲಿಸಿದ್ದೂ ಅದನ್ನೇ. ಬಹಳ ವರ್ಷ ಅರೆಕಾಲಿಕ ಉಪನ್ಯಾಸಕಿಯಾಗಿ ಊರೂರು ತಿರುಗಿದೆ. ಮಧುಗಿರಿಯಲ್ಲಿ ಕೆಲಸ ಕಾಯಂ ಆಗುವ ಹೊತ್ತಿಗೆ ಹಳೆಯ ಪಿಂಚಣಿ ಹೋಗಿ ಹೊಸದು ಬಂದಿತ್ತು. ಹೊಸದರಲ್ಲಿ ಸಂಬಳದಲ್ಲಿ ಮುರಿದು ಕೂಡಿಟ್ಟ ಹಣದ ಒಂದು ಪಾಲು ನಿವೃತ್ತಿಯ ದಿನ ಕೈಗೆ ಬರುತ್ತದೆ. ಉಳಿದ ಪಾಲನ್ನು ಕೊಟ್ಟು ನಮ್ಮ ಪಿಂಚಣಿಯನ್ನು ನಾವೇ ಕೊಂಡುಕೊಳ್ಳಬೇಕು. ನನಗೆ ಮದುವೆಯಿಲ್ಲ, ಮಕ್ಕಳಿಲ್ಲ. ಬಂದ ಹಣ ನಾನಿರುವವರೆಗೂ ನನ್ನನ್ನು ಸಾಕಬೇಕು. ಜೊತೆಗೆ ಇನ್ನೊಂದು ಖರ್ಚಿತ್ತು. ಈಗ ಎಂಬತ್ತು ದಾಟಿದ ಅತ್ತೆಗೆ ನಾನು ತಿಂಗಳಾ ತಿಂಗಳಾ ಒಂದಿಷ್ಟು ಕಳಿಸುತ್ತೇನೆ. ಅದು ಮಾತ್ರ ಎಂದೂ ನಿಲ್ಲಬಾರದು, ಕಡಿಮೆಯೂ ಆಗಬಾರದು ಎಂದುಕೊಂಡಿದ್ದೆ.

ನಿವೃತ್ತಿಯಾದ ಮೇಲೆ ಒಂದು ಕಡೆ ಕುಳಿತುಕೊಳ್ಳಲು ಆಗಲಿಲ್ಲ. ಬೀದಿಯಲ್ಲಿ ಸಿಕ್ಕವರೆಲ್ಲ ಸಲಹೆ ಕೊಡುವವರೇ. ಸೈಟು ತಗೊಳ್ಳಿ, ಚಿನ್ನ ತಗೊಳ್ಳಿ, ಚೀಟಿ ಹಾಕಿ. ಚಹಾ ಮಾಡಲು ಹೋಗಿ ನೀರು ಕುದಿಯುತ್ತಿರುವಾಗಲೇ ಮೊಬೈಲಿನಲ್ಲಿ ಬಡ್ಡಿ ದರ ನೋಡುತ್ತಿದ್ದೆ. ನೀರು ಬತ್ತಿಹೋದ ದಿನಗಳೂ ಇವೆ. ಪಿಂಚಣಿ ಕೊಳ್ಳುವ ಪಾಲನ್ನು ಆಮೇಲೆ ನೋಡೋಣವೆಂದು ಮುಂದೂಡಿದೆ. ಕೈಗೆ ಬಂದ ಪಾಲನ್ನು ಏನು ಮಾಡುವುದೆಂದು ತೋಚದೆ ಒದ್ದಾಡುತ್ತಿದ್ದಾಗ ಅತ್ತೆಯ ನಾಲ್ಕು ರೊಪ್ಪಗಳು ನೆನಪಾದವು. ತಕ್ಷಣ ಸಮಾಧಾನವಾಯಿತು. ಆ ಸಮಾಧಾನವನ್ನೇ ನಾನು ಅನುಮಾನಿಸಬೇಕಿತ್ತು.

ಹಣವನ್ನು ನಾಲ್ಕು ಪಾಲು ಮಾಡಿದೆ. ಮಧುಗಿರಿಯಲ್ಲೊಂದು, ಶಿರಾದಲ್ಲೊಂದು, ಕೊರಟಗೆರೆಯಲ್ಲೊಂದು, ಪಾವಗಡದಲ್ಲೊಂದು, ಬೇರೆ ಬೇರೆ ಬ್ಯಾಂಕುಗಳಲ್ಲಿ ನಾಲ್ಕು ನಿಶ್ಚಿತ ಠೇವಣಿ. ನಾಲ್ಕು ಪಾಸ್‌ಬುಕ್ಕಿಗೂ ಬೇರೆ ಬೇರೆ ಬಣ್ಣದ ರಟ್ಟು ಹಾಕಿದೆ. ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಎಲ್ಲವನ್ನೂ ನೋಡಬಹುದಿತ್ತು. ಆದರೂ ಪ್ರತಿ ತಿಂಗಳು ಖಾಸಗಿ ಬಸ್ಸು ಹತ್ತಿ ಒಂದೊಂದು ಊರಿಗೆ ಹೋಗಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದೆ. ಕಿಟಕಿಯ ಪಕ್ಕ ಕುಳಿತಾಗ ನಾನೂ ಅತ್ತೆಯ ಹಾಗೆಯೇ ನನ್ನ ಕುರಿಗಳನ್ನು ನೋಡಲು ಹೊರಟವಳು ಅನ್ನಿಸುತ್ತಿತ್ತು. ಬಸ್ಸು ನಿಂತರೆ ಮತ್ತೆ ಕಳವಳ ಶುರುವಾಗುತ್ತಿತ್ತು.

ಠೇವಣಿಯ ಅವಧಿ ಮುಗಿದು ಮುಂದುವರಿಸಲು ಹೋದಾಗ ಮಧುಗಿರಿಯಲ್ಲಿ ಬಡ್ಡಿ ಇಳಿದಿದೆ ಎಂದರು. ಇರಲಿ, ಇನ್ನು ಮೂರು ಕಡೆ ಇದೆಯಲ್ಲ ಎಂದುಕೊಂಡೆ. ಶಿರಾದಲ್ಲೂ ಇಳಿದಿತ್ತು. ಕೊರಟಗೆರೆಯ ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಇದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ನಾಲ್ಕು ಪಾಸ್‌ಬುಕ್ಕುಗಳನ್ನು ಅವಳ ಮುಂದೆ ಹರಡಿ, ಎಲ್ಲಾ ಕಡೆ ಹೀಗೇಕಾಯಿತು ಎಂದು ಕೇಳಿದೆ. ಅವಳು ನಗು ತಡೆದುಕೊಂಡಳು.

"ಮೇಡಂ, ಬ್ಯಾಂಕು ನಾಕು, ಊರು ನಾಕು. ಆದ್ರೆ ಇಟ್ಟಿರೋದೆಲ್ಲ ಎಫ್‌ಡಿನೇ ಅಲ್ವಾ? ಇಲ್ಲಿ ಬಡ್ಡಿ ಇಳಿದಾಗ ಪಾವಗಡದಲ್ಲಿ ಏರುತ್ತಾ?"

ನಾನು ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ.

"ರಿಸರ್ವ್ ಬ್ಯಾಂಕು ರೆಪೋ ದರ ಇಳಿಸಿದ್ರೆ ಬ್ಯಾಂಕ್ ಬಡ್ಡಿಗೆ ಏನಾಗುತ್ತೆ ಅಂತ ನೀವೇ ಪಾಠ ಮಾಡಿದ್ರಿ. ಆ ಪ್ರಶ್ನೆಗೆ ನಂಗೆ ಪೂರ್ತಿ ಮಾರ್ಕ್ಸ್ ಕೊಟ್ಟಿದ್ರಿ ಮೇಡಂ!"

ಪಕ್ಕದ ಕೌಂಟರಿನವನೂ ನಕ್ಕ. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಯಿತು. ಇಡೀ ತಾಲ್ಲೂಕಿನ ಮಕ್ಕಳಿಗೆ ಹೇಳಿಕೊಟ್ಟದ್ದನ್ನು ನನ್ನ ಹಣದ ವಿಷಯಕ್ಕೆ ಬಂದಾಗ ಮರೆತಿದ್ದೆ. ಕುರಿಗೆ ಊರು ಬೇರೆಯಾದರೆ ಮಳೆ ಬೇರೆ, ಮೇವು ಬೇರೆ. ಠೇವಣಿಗೆ ಊರೇ ಇಲ್ಲ. ಹೊಸ ಬಡ್ಡಿಯಲ್ಲಿ ನನ್ನ ತಿಂಗಳ ಖರ್ಚು ಕಳೆದರೆ, ಅತ್ತೆಗೆ ಕಳಿಸುವುದರಲ್ಲಿ ಅರ್ಧವೂ ಉಳಿಯುತ್ತಿರಲಿಲ್ಲ.

ಊಟದ ಬಿಡುವಿನಲ್ಲಿ ಅವಳು ಒಂದು ಚೀಟಿಯ ಹಿಂದೆ ಬರೆದು ತೋರಿಸಿದಳು. ಅಕ್ಕಿ, ಕರೆಂಟು, ಮಾತ್ರೆಗೆ ಆಗುವಷ್ಟು ಹಣ ಸಾಯುವವರೆಗೂ ತಪ್ಪದೆ ಬರಬೇಕು. ಅದಕ್ಕೆ ಮುಂದೂಡಿದ ಪಾಲಿನಿಂದ ಈಗಲೇ ಪಿಂಚಣಿ ಕೊಳ್ಳಿ. ಠೇವಣಿಯ ಒಂದು ಭಾಗ ತೆಗೆದು ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಗೆ ಹಾಕಿ, ಐದು ವರ್ಷ ಬಡ್ಡಿ ಬದಲಾಗುವುದಿಲ್ಲ. ಇನ್ನೊಂದು ಭಾಗ ಷೇರುಗಳಲ್ಲಿ ಹೂಡುವ ಮ್ಯೂಚುವಲ್ ಫಂಡಿಗೆ. ಅದು ಏರುತ್ತದೆ, ಬೀಳುತ್ತದೆ, ಹತ್ತು ವರ್ಷ ಮುಟ್ಟಬಾರದು. ಆದರೆ ದಿನಸಿಯ ಬೆಲೆ ಏರಿದಾಗ ನಿಮ್ಮ ಜೊತೆ ನಡೆಯುವುದು ಅದೊಂದೇ. ಫಂಡು ಬಿದ್ದ ವರ್ಷ ಅದನ್ನು ಮಾರುವ ಗತಿ ಬರದ ಹಾಗೆ ಒಂದು ವರ್ಷದ ಖರ್ಚು ಪಕ್ಕಕ್ಕಿರಲಿ.

"ಎಲ್ಲಾ ಒಂದೇ ವರ್ಷ ಕೈ ಕೊಟ್ಟರೆ?" ಎಂದೆ.

"ಹಂಗಾಗೋದು ಬಾಳ ಕಮ್ಮಿ ಮೇಡಂ."

"ಆದರೆ?"

"ಅದು ಸಿಲಬಸ್ಸಲ್ಲಿ ಇರಲಿಲ್ಲ," ಎಂದು ಡಬ್ಬಿ ಮುಚ್ಚಿದಳು.

ಪಾವಗಡದ ಠೇವಣಿ ಬಿಡಿಸಲು ಮುಂದಿನ ವಾರ ಹೋದೆ. ಕೆಲಸ ಬೇಗ ಮುಗಿಯಿತು. ವಾಪಸ್ ಬರುವ ಬದಲು ನಾಗಲಮಡಿಕೆಯ ಬಸ್ಸು ಹತ್ತಿದೆ. ಅತ್ತೆಯ ಕುರಿಗಳಿದ್ದ ಹಟ್ಟಿ ಆ ದಾರಿಯಲ್ಲಿತ್ತು. ಯಾಕೆ ಹೋದೆನೆಂದು ಸ್ಪಷ್ಟವಾಗಿ ಹೇಳಲಾರೆ. ನನ್ನ ಲೆಕ್ಕ ತಪ್ಪಿದ ಮೇಲೆ ಅವಳ ಲೆಕ್ಕವಾದರೂ ಸರಿಯಿತ್ತು ಎಂದು ಯಾರಿಂದಲಾದರೂ ಕೇಳಬೇಕಾಗಿತ್ತು ಅನ್ನಿಸುತ್ತದೆ. ಎರಡು ಮನೆ ವಿಚಾರಿಸಿದೆ. ಕುರಿ ಮೇಯಿಸುತ್ತಿದ್ದ ಮನುಷ್ಯ ಬದುಕಿದ್ದ. ಹಲ್ಲಿಲ್ಲ, ಕಣ್ಣು ಮಾತ್ರ ಚುರುಕು.

"ಎವರಮ್ಮಾ? ಓ, ಶಿರಾ ಅಮ್ಮನ ಮೇನಕೋಡಲಾ!" ಎಂದ. ಆ ಕಡೆಯವರ ತೆಲುಗು ಬೆರೆತ ಮಾತು. ಹೌದು, ಅವಳ ಅಣ್ಣನ ಮಗಳು ಎಂದೆ. "ಮೈಸೂರಾಗೆ ಓದ್ತಿದ್ದ ಪಾಪ ನೀನೇನಾ? ಕೂಕೋ, ಕೂಕೋ."

ನಾಲ್ಕು ಕಡೆ ಹಂಚಿದ ಅತ್ತೆಯ ಬುದ್ಧಿವಂತಿಕೆಯನ್ನು ನಾನೇ ಹೊಗಳಲು ಶುರುಮಾಡಿದೆ. ಒಂದು ಕಡೆ ಹೋದರೆ ಇನ್ನೊಂದು ಕಡೆ ಉಳಿಯುತ್ತಿದ್ದವಲ್ಲ ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಉಳಿಯೋದೇನಮ್ಮಾ? ಆ ವರ್ಷ ಎಲ್ಲಾ ಹೋದ್ವಲ್ಲ. ಜಡಿಮಳೆ ಬಂತು, ಹಿಂದೇನೇ ನಾಲಿಗೆ ನೀಲಿ ಆಗೋ ರೋಗ ಬಂತು. ಮೊದ್ಲು ಶಿರಾ, ಆಮೇಲೆ ಮಧುಗಿರಿ, ಕೊರಟಗೆರೆ. ಕಡೇಗೆ ನಮ್ಮ ರೊಪ್ಪದಾಗೂ ಹೋದ್ವು. ನಿಮ್ಮತ್ತೆದು ಒಂದೂ ಉಳೀಲಿಲ್ಲ."

ವಾರದ ಕುರಿ ಸತ್ತರೆ ಗುರುತಿನ ಕಿವಿಯನ್ನು ಕೊಯ್ದು ಒಡೆಯರಿಗೆ ತೋರಿಸಬೇಕು. ಮಾರಿಕೊಂಡು ಸತ್ತಿತೆಂದು ಸುಳ್ಳು ಹೇಳಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಅವನೂ ತೋರಿಸಿದ್ದನಂತೆ.

"ಬೈತಾಳೆ ಅಂತ ಹೆದ್ರಿದ್ದೆ. ಬೈಲಿಲ್ಲ, ಕಿವಿ ಎಣಿಸಿ ತಗೊಂಡ್ಲು. ಮಿಕ್ಕ ಮೂರು ಕಡೇವೂ ಅಷ್ಟೊತ್ಗೆ ಅವಳ ಹತ್ರಾನೇ ಇದ್ವು. ಎಲ್ಲಾ ಕಿವಿ ಒಂದು ಬಟ್ಟೇಲಿ ಕಟ್ಕೊಂಡ್ಲು. ಬಸ್ಸು ಹತ್ತೋವಾಗ, 'ನಮ್ಮ ಹುಡ್ಗಿಗೆ ತಿಳೀಬಾರ್ದು ಕಣಪ್ಪಾ, ಕಡೇ ವರ್ಷದ ಪರೀಕ್ಷೆ ಐತೆ' ಅಂದ್ಲು. ಈಗ ತಿಳಿದ್ರೆ ಏನೂ ಆಗಲ್ಲ ಅಲ್ವಾ? ಪಾಸಾದೆ ತಾನೆ?"

ಪಾಸಾದೆ ಎಂದೆ.

ಆ ವರ್ಷ ರಜೆಗೆ ಬಂದಾಗ ಅತ್ತೆಯ ಮನೆಯ ಅಟ್ಟದಲ್ಲಿ ಒಂದು ಬಟ್ಟೆಯ ಗಂಟು ನೋಡಿದ್ದೆ ಎಂದು ಬಸ್ಸಿನಲ್ಲಿ ಕುಳಿತಾಗ ನನಗೆ ನೆನಪಾಯಿತು. ಹರಳು ಬೀಜದ ಗಂಟು ಎಂದುಕೊಂಡಿದ್ದೆ. ನಿಜವಾಗಿ ನೋಡಿದ್ದೆನೋ, ಅವನ ಮಾತು ಕೇಳಿದ ಮೇಲೆ ಮನಸ್ಸು ಕಟ್ಟಿಕೊಂಡದ್ದೋ? ಈ ನೆನಪಿಗೆ ನನ್ನ ಹತ್ತಿರ ಸಾಕ್ಷಿಯಿಲ್ಲ. ತಿಂಗಳಾ ತಿಂಗಳಾ ಬಂದ ಮನಿಯಾರ್ಡರಿನ ನೆನಪಿಗೆ ಇದೆ. ಮನೆಗೆ ಬಂದವಳೇ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಟ್ರಂಕು ತೆಗೆದು ಮೈಸೂರಿನ ದಿನಚರಿಗಳನ್ನು ಹುಡುಕಿದೆ. ಎಂ.ಎ. ಕೊನೆಯ ವರ್ಷದ್ದು ಸಿಕ್ಕಿತು. ಅದರಲ್ಲಿ ಕುರಿಗಳ ಸುದ್ದಿಯೇ ಇಲ್ಲ. ಮೆಸ್ಸಿನ ಸಾರು, ಗೆಳತಿಯರ ಜೊತೆ ಜಗಳ, ಪರೀಕ್ಷೆಯ ಭಯ. ಆದರೆ ಪ್ರತಿ ತಿಂಗಳ ಮೊದಲ ವಾರದಲ್ಲಿ ಒಂದು ಸಾಲು: "ಅತ್ತೆಯ ಎಂ.ಒ. ಬಂತು." ಒಂದು ತಿಂಗಳೂ ತಪ್ಪಿಲ್ಲ. ಒಂದು ಕಡೆ ಮಾತ್ರ "ಈ ಸಲ ಎರಡು ದಿನ ತಡ" ಎಂದು ಸಿಡಿಮಿಡಿಯಿಂದ ಬರೆದಿದ್ದೇನೆ. ಆ ಸಾಲನ್ನು ಈಗ ಓದುವುದು ಕಷ್ಟ.

ಹಾಗಾದರೆ ನಾಲ್ಕು ರೊಪ್ಪಗಳ ಲೆಕ್ಕ ಅತ್ತೆಯನ್ನು ಕಾಪಾಡಿರಲಿಲ್ಲ. ಬೇರೇನೋ ಇತ್ತು. ಅದು ಏನೆಂದು ತಿಳಿಯದೆ ನಾನು ಅವಳ ಅರ್ಧ ಉಪಾಯವನ್ನು ಮಾತ್ರ ನಕಲು ಮಾಡಿದ್ದೆ.

ಹಳೆಯ ವಿದ್ಯಾರ್ಥಿನಿ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಹೆಚ್ಚುಕಡಿಮೆ ಹಾಗೆಯೇ ಮಾಡಿದ್ದೇನೆ. ಅಂಚೆ ಕಚೇರಿಗೆ ಹೋಗಬೇಕಾದದ್ದು ಹೋಯಿತು, ಫಂಡಿಗೂ ಹೋಯಿತು. ಫಂಡಿನ ಬೆಲೆಯನ್ನು ದಿನಾ ನೋಡಬೇಡಿ ಎಂದಿದ್ದಾಳೆ, ನೋಡುತ್ತೇನೆ. ಪಿಂಚಣಿ ಕೊಳ್ಳುವ ಅರ್ಜಿ ಮಾತ್ರ ಬ್ಯಾಗಿನಲ್ಲೇ ಉಳಿದಿತ್ತು. ಅದರಲ್ಲಿ ಎರಡು ದಾರಿ. ತಿಂಗಳಿಗೆ ಹೆಚ್ಚು ಬೇಕೆಂದರೆ ನಾನು ಸತ್ತ ದಿನ ಎಲ್ಲ ಮುಗಿಯುತ್ತದೆ. ಸ್ವಲ್ಪ ಕಡಿಮೆ ಸಾಕೆಂದರೆ, ನಾನು ಹೋದ ಮೇಲೆ ಅಸಲು ನಾಮಿನಿಗೆ ಹೋಗುತ್ತದೆ. ಹೆಚ್ಚಿನದನ್ನು ಆರಿಸಿದರೆ ಅತ್ತೆಗೆ ಕಳಿಸುವುದನ್ನು ಕಡಿಮೆ ಮಾಡಬೇಕಾಗಿಲ್ಲ. ಆದರೆ ಅವಳಿಗಿಂತ ಮೊದಲು ನಾನು ಹೋದರೆ ಅವಳಿಗೆ ಬರುವುದು ಏನೂ ಇಲ್ಲ.

ಅರ್ಜಿಯನ್ನು ಹಿಡಿದುಕೊಂಡು ಶಿರಾಕ್ಕೆ ಹೋದೆ. ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣು ಬಡಿದು ಬೀಜ ಬೇರೆ ಮಾಡುತ್ತಿದ್ದಳು. ಈ ವಯಸ್ಸಿನಲ್ಲೂ ಅವಳ ಕೈ ಆ ಕೆಲಸದಲ್ಲಿ ಬಹಳ ಬೇಗ ಓಡುತ್ತದೆ. ಅರ್ಜಿಯ ವಿಷಯ ಹೇಳಿದೆ.

"ನಂಗ್ಯಾಕಮ್ಮಿ ಬರೀತೀಯಾ ನಾಮಿನಿ ಗೀಮಿನಿ? ನೀನು ಹೋದ್ಮೇಲೂ ನಾನು ಗೂಟ ಹೊಡ್ಕೊಂಡು ಕೂತಿರ್ತೀನಾ?"

"ಇರಬಹುದು. ನಿನ್ನ ನೋಡಿದ್ರೆ ಇರ್ತೀಯ ಅನ್ಸುತ್ತೆ."

"ಥೂ, ಬಾಯಿ ನೋಡು ಮೇಷ್ಟ್ರಮ್ಮಂದು!" ಎಂದು ನಕ್ಕಳು. "ಜಾಸ್ತಿ ಬರೋದ್ನೇ ತಗೋ. ಹೊಟ್ಟೆ ತುಂಬ ಉಣ್ಣು. ನನ್ನ ಚಿಂತೆ ಬುಡು."

"ಪಾವಗಡಕ್ಕೆ ಹೋಗಿದ್ದೆ ಅತ್ತೆ. ಹಟ್ಟಿಗೆ."

ಬಡಿಯುವ ಕಲ್ಲು ನಿಂತಿತು. ಕಿವಿಗಳ ವಿಷಯ ಹೇಳಿದೆ, ದಿನಚರಿಯ ವಿಷಯ ಹೇಳಿದೆ. ಅವಳು ನನ್ನನ್ನು ನೋಡಲಿಲ್ಲ. ಕೈಗಂಟಿದ ಹುಣಸೆಯನ್ನು ಬೆರಳು ಬೆರಳಿನಿಂದ ಕೆರೆದು ತಟ್ಟೆಗೆ ಹಾಕಿದಳು.

"ಆ ಮುದುಕ ಇನ್ನೂ ಇದ್ದಾನಾ?" ಎಂದಳು. "ಹಲ್ಲು ಐತಾ?"

"ಇಲ್ಲ."

"ಅವಾಗ್ಲೂ ಇರ್ಲಿಲ್ಲ," ಎಂದು ಮತ್ತೆ ಬಡಿಯತೊಡಗಿದಳು. ಒಂದು ಹಿಡಿ ಬೀಜ ಬೇರೆಯಾದ ಮೇಲೆ, "ಮಧುಗಿರಿ ಬಸ್ಸು ಬತ್ತದೆ, ಎದ್ದೇಳು," ಎಂದಳು.

ನಾನು ಏಳಲಿಲ್ಲ. ಕುರಿ ಹೋದ ಮೇಲೂ ಅವಳನ್ನು ನಡೆಸಿದ್ದು ಏನು, ಆ ಆಸರೆ ಈಗಲೂ ಇದೆಯೇ ಎಂದು ಅವಳು ಬಾಯಿಬಿಟ್ಟು ಹೇಳುವವರೆಗೂ ಆ ಅರ್ಜಿಯಲ್ಲಿ ಯಾವ ದಾರಿಗೆ ಗುರುತು ಹಾಕಬೇಕೆಂದು ನನಗೆ ತಿಳಿಯುವುದಿಲ್ಲ. ಅದು ಮೂರು ವಾರದಿಂದ ಇನ್ನೂ ಬ್ಯಾಗಿನಲ್ಲೇ ಇದೆ. ಅವತ್ತು ಬಸ್ಸಿನ ಹಾರ್ನ್ ಕೇಳಿಸುತ್ತಿದ್ದಾಗ ಕೇಳಿದ್ದನ್ನೇ ಆಮೇಲೆ ಫೋನಿನಲ್ಲೂ ಎರಡು ಸಲ ಕೇಳಿದ್ದೇನೆ:

"ಒಂದು ಕುರಿನೂ ಇಲ್ಲದ ಆ ವರ್ಷ, ನಂಗೆ ಕಳಿಸಿದ ದುಡ್ಡು ಎಲ್ಲಿಂದ ತಂದೆ ಅತ್ತೆ?"