ಮರಕುಟಿಗನ ಕೋಣೆ

ಆ ವಸತಿಗೃಹದಲ್ಲಿ ಅಡುಗೆಯವನಿಂದ ಹಿಡಿದು ಬಟ್ಟೆ ಒಗೆಯುವವಳವರೆಗೆ ಎಲ್ಲರೂ ಅವಳನ್ನು ಅತ್ತಿಗೆಮ್ಮ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ಅತ್ತಿಗೆಯಾಗಿದ್ದದ್ದು ಒಬ್ಬನಿಗೆ ಮಾತ್ರ, ಅಲ್ಲಿನ ಯಜಮಾನನಿಗೆ. ಅವನನ್ನು ಕಂಡರೆ ಅವಳಿಗಾಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಎಂದರೆ ಕಡಿಮೆಯಾಯಿತು, ಬೆಳಿಗ್ಗೆ ಅವನ ಮುಖ ನೆನಪಾದರೆ ಕುಡಿದ ಚಹಾ ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಎಲ್ಲಕ್ಕೂ ಕಾರಣ ಒಂದು ಕೋಣೆ. ಕಡಲು ದಾಟಿ ಪರದೇಶಕ್ಕೆ ಬಂದ ಅಣ್ಣತಮ್ಮಂದಿರು ಸೇರಿ ಊರಾಚೆ ಹೊಲಗಳ ನಡುವೆ ಈ ವಸತಿಗೃಹ ಕಟ್ಟಿಸಿದಾಗ ಹಿಂಬದಿಯ ಮೂಲೆಕೋಣೆಯಲ್ಲಿ ಅತ್ತಿಗೆಮ್ಮನೂ ಅವಳ ಗಂಡನೂ ಸಂಸಾರ ಹೂಡಿದರು. ಕಿಟಕಿ ತೆಗೆದರೆ ಎದುರಿಗೇ ಒಂದು ಒಣಮರ, ಅದರ ಪೊಟರೆಯಲ್ಲಿ ಮರಕುಟಿಗದ ಗೂಡು. ಗಂಡ ಕಾಯಿಲೆಯಿಂದ ಹಾಸಿಗೆ ಹಿಡಿದ ಮೇಲೆ ಅವನಿಗೆ ಉಳಿದ ಸಂತೋಷವೆಂದರೆ ಬೆಳಗಿನ ಆ ಟಕಟಕ ಸದ್ದು. "ಏಳೇ, ಬಡಗಿ ಕೆಲಸಕ್ಕೆ ಬಂದ," ಎಂದು ಅವಳನ್ನು ಎಬ್ಬಿಸುತ್ತಿದ್ದ. ಅವನು ಹೋದ ಮೇಲೂ ಅವಳು ಆ ಸದ್ದಿಗೇ ಎದ್ದು ಅತಿಥಿಗಳ ತಿಂಡಿಗೆ ಒಲೆ ಹಚ್ಚುತ್ತಿದ್ದಳು.

ವರ್ಷ ತುಂಬುವುದರೊಳಗೆ ಮೈದುನ ಸುಳ್ಳು ಕೆಮ್ಮು ಕೆಮ್ಮುತ್ತ ಬಾಗಿಲಲ್ಲಿ ನಿಂತ.

"ಅತ್ತಿಗೆ, ಈಗ ಬರೋರೆಲ್ಲ ಹಕ್ಕಿ ನೋಡೋಕೇ ಬರ್ತಾರೆ. ಇಂಥ ಕಿಟಕಿ ಸುಮ್ನೆ ದಂಡ ಆಗ್ತಿದೆ. ರಸ್ತೆ ಆಚೆ ಕಾವಲುಗಾರನ ಮನೆ ಖಾಲಿ ಇದೆಯಲ್ಲ, ಸುಣ್ಣ ಹೊಡೆಸಿಕೊಡ್ತೀನಿ. ನಿಮಗೂ ಆರಾಮ."

"ಆರಾಮ ಬೇಕು ಅಂತ ನಿನ್ನ ಹತ್ರ ನಾನ್ಯಾವಾಗ ಕೇಳ್ದೆ?"

ಅವನು ನಕ್ಕ. ಆ ನಗು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಮರುದಿನ ಅವಳ ಟ್ರಂಕು, ಹಾಸಿಗೆ, ಗಂಡನ ಫೋಟೋ ಎಲ್ಲವೂ ರಸ್ತೆ ದಾಟಿದವು. ಸುಣ್ಣ ಮಾತ್ರ ಬರಲೇ ಇಲ್ಲ.

ಅತ್ತಿಗೆಮ್ಮ ಅಳುತ್ತ ಕೂರುವ ಹೆಂಗಸಲ್ಲ. ಅಡುಗೆಮನೆಗೆ ಹೋಗುವುದನ್ನು ನಿಲ್ಲಿಸಿ ಕಾವಲುಗಾರನ ಮನೆಯ ಮೆಟ್ಟಿಲ ಮೇಲೆ ಕೂತು ಯೋಚಿಸಿದಳು. ಕೋಣೆಗೆ ಬೆಲೆ ಬಂದದ್ದು ಹಕ್ಕಿಗಳಿಂದ. ಹಕ್ಕಿಗಳೇ ಅತ್ತ ಸುಳಿಯದಿದ್ದರೆ ಕಿಟಕಿಗೆ ಮೂರು ಕಾಸಿನ ಬೆಲೆಯಿಲ್ಲ, ಆಗ ಮೈದುನ ತಾನಾಗಿ ಬಂದು ಬೀಗದ ಕೈ ಕೊಡುತ್ತಾನೆ. ಸರಿ, ಅಡುಗೆಯವನು ಬೇಲಿಯ ಸಂದಿಯಲ್ಲಿ ಗುಟ್ಟಾಗಿ ದಾಟಿಸುತ್ತಿದ್ದ ಉಳಿಕೆ ಅನ್ನ, ಒಣಗಿದ ಬ್ರೆಡ್ಡು, ತಾನೇ ಕೊಂಡು ತಂದ ಕಾಳು, ಎಲ್ಲವನ್ನೂ ದಿನಾ ಅಂಗಳಕ್ಕೆ ಚೆಲ್ಲತೊಡಗಿದಳು.

ಬಂದವಪ್ಪ ಹಕ್ಕಿಗಳು! ಪಾರಿವಾಳ, ಗುಬ್ಬಿ, ಎಲ್ಲಕ್ಕಿಂತ ಹೆಚ್ಚಾಗಿ ಮೈನಾ. ಇವು ಯಾವುವೂ ಆ ನೆಲದವಲ್ಲ. ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮರು ಹಡಗಿನಲ್ಲಿ ಪಂಜರ ತಂದು ಬಾಗಿಲು ತೆಗೆದದ್ದೇ ತಡ, ಮನುಷ್ಯರ ಎಂಜಲು ತಿಂದು ಬೆಳೆದು, ಇದ್ದ ಹಕ್ಕಿಗಳನ್ನು ಗೂಡಿನಿಂದ ಎಬ್ಬಿಸಿ ತಾವು ಯಜಮಾನರಾಗಿ ಕೂತಿದ್ದವು. ಅತ್ತಿಗೆಮ್ಮನ ಅಂಗಳ ಸಂತೆಯಾಯಿತು. ರಸ್ತೆಯಾಚೆ ವಸತಿಗೃಹದ ತೋಟ ಭಣಗುಟ್ಟುವುದನ್ನು ಕಂಡು ಅವಳ ಹೊಟ್ಟೆ ತಣ್ಣಗಾಯಿತು.

ಆದರೆ ಅವಳು ಇಷ್ಟು ವರ್ಷ ಒಲೆ ನೋಡಿದವಳೇ ಹೊರತು ಹಕ್ಕಿಗಳ ಹೊಟ್ಟೆಪಾಡು ನೋಡಿದವಳಲ್ಲ. ಆ ನೆಲದ ಹಕ್ಕಿಗಳಿಗೆ ಅವಳ ಅನ್ನ, ಬ್ರೆಡ್ಡು ಯಾವುದೂ ಬೇಕಿರಲಿಲ್ಲ. ಮಿಂಚುಳ್ಳಿಗೆ ಮೀನು ಬೇಕು, ಮರಕುಟಿಗಕ್ಕೆ ತೊಗಟೆಯೊಳಗಿನ ಹುಳ ಬೇಕು. ಮೈನಾಗಳ ದಂಡು ರಸ್ತೆ ದಾಟಿದ್ದೇ ತಡ, ಇವು ನಿರಾಳವಾಗಿ ತೋಟ ತುಂಬಿಕೊಂಡವು. ಒಣಮರದ ಪೊಟರೆಯಲ್ಲಿ ಮರಕುಟಿಗ ಕಾವಿಗೆ ಕೂತಿತು.

ಇದು ಅವಳಿಗೆ ತಿಳಿದದ್ದು ಮೈದುನ ಹಲ್ಲು ಕಿರಿಯುತ್ತ ಒಂದು ಮೂಟೆ ಕಾಳು ಹೊರಿಸಿಕೊಂಡು ಬಂದ ದಿನ.

"ಅತ್ತಿಗೆ, ನಿಮ್ಮ ಉಪಕಾರ ಮರೆಯೋಕಾಗಲ್ಲ. ಆ ದರಿದ್ರ ಮೈನಾಗಳನ್ನೆಲ್ಲ ನೀವು ಈ ಕಡೆ ಎಳ್ಕೊಂಡ್ರಿ ನೋಡಿ, ನಮ್ಮ ಕಡೆ ಅಸಲಿ ಹಕ್ಕಿಗಳು ಬಂದ್ಬಿಟ್ವು! ಮೂಲೆಕೋಣೆಗೆ 'ಮರಕುಟಿಗನ ಕೋಣೆ' ಅಂತ ಬೋರ್ಡ್ ಹಾಕ್ಸಿದೀನಿ. ಜನ ನನಗೆ ತನಗೆ ಅಂತ ಜಗಳ ಆಡ್ತಿದಾರೆ. ಇನ್ಮೇಲೆ ಕಾಳು ನಂದು, ಹೀಗೇ ಹಾಕ್ತಾ ಇರಿ."

"ಇಡು ಅಲ್ಲಿ," ಎಂದಳು. ಕೋಣೆಯೂ ಹೋಯಿತು, ಮೇಲೆ ಅವನ ಬಿಟ್ಟಿ ಚಾಕರಿ ಬೇರೆ ಮಾಡಿದಂತಾಯಿತು. ಮೈಯೆಲ್ಲ ಧಗಧಗ ಉರಿಯಿತು.

ಅಂದಿನಿಂದ ಅಂಗಳಕ್ಕೆ ಒಂದು ಅಗುಳೂ ಬೀಳಲಿಲ್ಲ. ಮೈನಾಗಳು ಬಾಗಿಲಿಗೇ ಬಂದು ಸಾಲಗಾರರಂತೆ ಕಿರಿಚಿದವು. ಅವಕ್ಕೆ ಚೆನ್ನಾಗಿ ಹಸಿವಾದ ಮೇಲೆ, ಒಂದು ನಸುಕಿನಲ್ಲಿ, ಅವಳು ಕಾಳನ್ನು ಚೀಲಕ್ಕೆ ತುಂಬಿಕೊಂಡು ರಸ್ತೆ ದಾಟಿದಳು. ಒಣಮರದ ಪೊಟರೆಯಿಂದ ಕೆಂಪು ಜುಟ್ಟೊಂದು ಇಣುಕಿ ಅವಳನ್ನು ನೋಡಿತು. ಅವಳ ಕೈ ತಡೆಯಿತು. ಹಿಂದಿರುಗಿಬಿಡೋಣ ಎನ್ನಿಸಿದ್ದೂ ನಿಜ. ಅಷ್ಟರಲ್ಲಿ ಕಿಟಕಿಯೊಳಗಿಂದ ಗೊರಕೆ ಕೇಳಿಸಿತು. ತನ್ನ ಗಂಡ ಪ್ರಾಣ ಬಿಟ್ಟ ಮಂಚದ ಮೇಲೆ ಯಾವನೋ ಬಾಯಿ ತೆರೆದು ಮಲಗಿದ್ದಾನೆ! ಅವಳು ಚೀಲ ಬಿಚ್ಚಿ ಕಿಟಕಿಯ ಕಟ್ಟೆಗೆ, ಅದರ ಮೇಲಿನ ಸಜ್ಜಾಕ್ಕೆ, ಮರದ ಬುಡಕ್ಕೆ ಸುರಿದಳು. ದಿನಾ ಸುರಿದಳು, ಮೂಟೆ ಖಾಲಿಯಾಗುವವರೆಗೆ.

ದಂಡು ಹಿಂದಿರುಗಿತು, ಮೊದಲಿಗಿಂತ ದುಪ್ಪಟ್ಟಾಗಿ. ಕಿಟಕಿ ತೆಗೆಯುವ ಹಾಗಿಲ್ಲ, ಹಿಕ್ಕೆ. ಮಲಗುವ ಹಾಗಿಲ್ಲ, ಕಿರಿಚಾಟ. ಅತಿಥಿಗಳು ಮೈದುನನ ಮುಖಕ್ಕೆ ಬೈದು ಗಂಟುಮೂಟೆ ಕಟ್ಟಿದರು.

"ಹೀಗೆ ಮಾಡಬಾರದಿತ್ತು, ಅತ್ತಿಗೆ. ಅಡುಗೆಯವನು ನೋಡಿದಾನೆ."

"ಹಾಕ್ತಾ ಇರಿ ಅಂದೋನು ನೀನೇ ಅಲ್ವೇನೋ? ಎಲ್ಲಿ ಅಂತ ಹೇಳಿದ್ಯಾ?"

ಅವನ ಮುಖ ಇಂಗು ತಿಂದ ಮಂಗನ ಮುಖವಾಯಿತು. ಅದನ್ನು ಅವಳು ಕಣ್ತುಂಬ ನೋಡಿದಳು.

"ಆ ಕೋಣೆ ನೀವೇ ಇಟ್ಕೊಳ್ಳಿ. ಇನ್ನು ಯಾರೂ ಅದನ್ನ ಕೇಳಲ್ಲ."

"ಟ್ರಂಕು ಬೇರೆಯವರ ಕೈಲಿ ಹೊರಿಸ್ಬೇಡ. ನೀನೇ ಹೊರು."

ಹೊತ್ತ. ಅವಳು ಅವನ ಹಿಂದೆ ಗಂಡನ ಫೋಟೋ ಹಿಡಿದು ಮೆರವಣಿಗೆಯ ಗತ್ತಿನಲ್ಲಿ ನಡೆದಳು. ಅಂಥ ಸುಖ ಅವಳಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಮರುದಿನ ಅವಳು ಎದ್ದದ್ದು ಮೈನಾಗಳ ಕಚ್ಚಾಟಕ್ಕೆ. ಪೊಟರೆಯೊಳಗೆ ಹುಲ್ಲು, ಪ್ಲಾಸ್ಟಿಕ್ಕು, ಹರಕು ಬಟ್ಟೆ ತುರುಕಿ ಅವು ಸಂಸಾರ ಹೂಡಿಯಾಗಿತ್ತು. ಕಿಟಕಿಯ ಕೆಳಗೆ ಗುಡಿಸಲು ಪೊರಕೆ ಹಿಡಿದು ಹೋದವಳಿಗೆ ಮರದ ಬುಡದಲ್ಲಿ ಬಿಳಿಯ ಮೊಟ್ಟೆಚಿಪ್ಪುಗಳು ಸಿಕ್ಕವು, ಒಡೆದು, ಇರುವೆ ಮುತ್ತಿದ್ದವು. ಅವಳು ಪೊರಕೆ ಬದಿಗಿಟ್ಟಳು. ಕಾಳು ಸುರಿದ ಕೈ ಯಾರದೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆ ಯೋಚನೆ ಬಂತು, ಸುಟ್ಟಿತು, ಅವಳು ಅದನ್ನು ಹೆಚ್ಚು ಹೊತ್ತು ಕೂರಗೊಡಲಿಲ್ಲ.

ಚಿಪ್ಪುಗಳನ್ನು ಅಂಗೈಯಲ್ಲಿ ಆರಿಸಿಕೊಂಡು ನೇರ ಊಟದ ಕೋಣೆಗೆ ನಡೆದಳು. ಮೈದುನ ಒಬ್ಬನೇ ತಿಂಡಿ ತಿನ್ನುತ್ತಿದ್ದ. ಅವನ ತಟ್ಟೆಯ ನಡುವೆ ಅವನ್ನು ಸುರುವಿದಳು.

"ನಿಮ್ಮಣ್ಣ ಜೀವ ಇಟ್ಕೊಂಡಿದ್ದ ಹಕ್ಕಿ ಕಣೋ ಇದು. ಏನು ಮಾಡಿಟ್ಟೆ ನೋಡು."

ಅವನು ಬಾಯಿ ತೆರೆದ. ಅವಳು ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಅವನು ತಪ್ಪು ಒಪ್ಪಿಕೊಳ್ಳುವವರೆಗೆ ಅಲ್ಲಿಂದ ಏಳುವ ಯೋಚನೆ ಅವಳಿಗಿರಲಿಲ್ಲ.