ತಂಗಿಗೆ ಆರಿಸಿ ಕೊಟ್ಟ ಕರಿಮಣ್ಣು

ಹೊಳೆಯ ಹೂಳೆತ್ತುವುದರಲ್ಲೇ ಅವನ ತಲೆ ನರೆಯಿತು. ನಮ್ಮ ಬೀದಿಗೆಲ್ಲ ಅವನು ಕೆಸರಣ್ಣ. ಸರಕಿನ ದೋಣಿಗಳು ತಳ ಕಚ್ಚದಂತೆ ಹೊಳೆಯನ್ನು ಆಳವಾಗಿ ಇಡುವುದು ಅವನ ಕಸುಬು. ಎರಡೂ ದಡದಲ್ಲಿ ಕಾರ್ಖಾನೆಗಳು. ಒಂದರ ಮೋರಿ ಕೆಂಪು ನೀರು ಕಾರಿದರೆ ಇನ್ನೊಂದರದು ನೀಲಿ. ತಳಕ್ಕಿಳಿದ ಮೇಲೆ ಎಲ್ಲವೂ ಕಪ್ಪೇ. ಆ ಕಾಲದಲ್ಲಿ ಅದನ್ನು ಯಾರೂ ವಿಷ ಅನ್ನಲಿಲ್ಲ. ತಗ್ಗಿನಲ್ಲಿ ಮನೆ ಕಟ್ಟುವವರು ಪುಕ್ಕಟೆ ಮಣ್ಣೆಂದು ದಡದಿಂದ ಹೊತ್ತೊಯ್ಯುತ್ತಿದ್ದರು.

ಅವನಿಗೆ ಒಬ್ಬಳೇ ತಂಗಿ. ತಾಯಿ ಬೇಗ ಹೋದದ್ದರಿಂದ ಅವಳನ್ನು ಎತ್ತಿ ಆಡಿಸಿದವನೂ ಅವನೇ, ಜಡೆ ಹೆಣೆದವನೂ ಅವನೇ. ಅವಳ ಗಂಡ ಹೊಳೆಯಂಚಿನ ತಗ್ಗಿನಲ್ಲಿ ಜಾಗ ಹಿಡಿದಾಗ, "ಭಾವಾ, ನೀವು ಸುಮ್ನಿರಿ. ತಂಗಿ ಮನೆಗೆ ಮಣ್ಣು ನಾನು ಆರಿಸ್ತೀನಿ" ಎಂದ.

ಆರಿಸಿದ. ಕೆಸರಿನಲ್ಲೂ ಮೇಲು ಕೀಳು ಉಂಟು ಅನ್ನುವವನು ಅವನು. ಮೋರಿ ಬುಡದ ಕರಿಮಣ್ಣು ಬೆಣ್ಣೆಯಂತೆ ನುಣುಪು, ಒಣಗಿದರೆ ಕಲ್ಲು. ಅದಕ್ಕೆ ಗೆದ್ದಲು ಹತ್ತದು, ಎರೆಹುಳ ಸುಳಿಯದು, ಹೆಗ್ಗಣ ಮೂಸಿಯೂ ನೋಡದು. ಅದನ್ನೇ ದೋಣಿಗಟ್ಟಲೆ ತಂದು ತಂಗಿಯ ಅಡಿಪಾಯಕ್ಕೂ ಹಿತ್ತಲಿಗೂ ತುಂಬಿದ. ತನ್ನ ಮನೆಗೆ ಹೊಳೆಯ ತಿರುವಿನ ಸಡಿಲ ಮರಳು ಹಾಕಿಕೊಂಡ.

"ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂದ್ರೆ ಇದೇ ಕಣ್ರೀ! ನಮ್ಮನೇಲಿ ಇಲಿ ಕುಣೀತಾವೆ" ಎಂದು ಹೆಂಡತಿ ಹಂಗಿಸಿದಳು.

"ಕುಣೀಲಿ ಬಿಡೇ. ನಿನ್ನ ಅಡುಗೆ ತಿನ್ನೋಕೆ ನಾನೊಬ್ಬನೇ ಸಾಲಲ್ಲ."

ತಂಗಿಗೆ ಹೆಣ್ಣುಮಗು ಹುಟ್ಟಿತು. ಹಿತ್ತಲಲ್ಲಿ ಕೂತು ಮಣ್ಣು ತಿನ್ನುತ್ತಿತ್ತು. ಯಾವ ಮಗು ತಿನ್ನುವುದಿಲ್ಲ? ಆದರೆ ಇದಕ್ಕೆ ಮಾತು ತಡವಾಯಿತು, ನಡೆ ತಡವಾಯಿತು, ಬುದ್ಧಿ ಬರಲೇ ಇಲ್ಲ. ಬೆಳೆದು ತಾಯಿಯೆತ್ತರ ಆದರೂ ಅಂಗಿಯ ಗುಂಡಿ ಹಾಕಲು ತಾಯಿಯೇ ಬೇಕು. ಗಂಡ ತೀರಿಕೊಂಡ ಮೇಲೆ ತಂಗಿಗೆ ಉಳಿದದ್ದು ಆ ಮಗಳು, ಆ ಮನೆ, ಮತ್ತು ಅಣ್ಣ.

ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಆಮೇಲೆ ಹೊಳೆ ತೊಳೆಯುವ ಯೋಜನೆ ಬಂತು. ಕೆಸರಣ್ಣ ಮೈಗೆ ಬಿಳಿ ಉಡುಪು, ಮೂತಿಗೆ ಮುಸುಕು ಹಾಕಿಕೊಂಡು ಹಳೆಯ ಕೆಸರನ್ನೇ ಎತ್ತಿ, ದೊಡ್ಡ ಬಟ್ಟೆಚೀಲಗಳಲ್ಲಿ ನೀರು ಬಸಿದು, ಮುಚ್ಚಿದ ಲಾರಿಗಳಿಗೆ ತುಂಬತೊಡಗಿದ. ಮೊದಲ ದಿನವೇ ಮೇಲ್ವಿಚಾರಕ ಎಚ್ಚರಿಸಿದ: "ಮೋರಿ ಬುಡದ್ದನ್ನ ಬರಿಗೈಲಿ ಮುಟ್ಟಬೇಡಿ. ಸೀಸ ಇದೆ, ಪಾದರಸ ಇದೆ. ಮಕ್ಕಳ ತಲೆಗೇ ಹೊಡೆಯುತ್ತೆ."

ಅಂದು ಕೆಸರಣ್ಣ ಬುತ್ತಿ ಬಿಚ್ಚಲಿಲ್ಲ.

ಬಾಯಿ ಹೊಲಿದುಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತಂಗಿಯ ಮನೆಯಲ್ಲಿ ತಾಯಿ ಮಗಳು ಇನ್ನೊಂದು ದಿನವೂ ಮಲಗಬಾರದೆಂದು ತಾನೇ ಹೋಗಿ ಮೇಲ್ವಿಚಾರಕನಿಗೆ ಹೇಳಿದ. ಮಣ್ಣು ಪರೀಕ್ಷೆಯವರು ಬಂದಾಗ, "ನನ್ನ ಮನೇದೂ ತಗೊಳ್ಳಿ ಸ್ವಾಮಿ" ಎಂದು ಅಂಗಲಾಚಿದ. ತನ್ನ ಮನೆಯ ಅಡಿಯಲ್ಲೂ ವಿಷ ಸಿಗಲಿ ಎಂದು ಹಂಬಲಿಸಿದವನನ್ನು ನಾನು ಕಂಡದ್ದು ಅದೊಂದೇ ಸಲ. ಸಿಗಲಿಲ್ಲ. ಇಲಿ ಕುಣಿದ ಮನೆ ಚೊಕ್ಕ. ತಂಗಿಯ ಹಿತ್ತಲಿನದು ಹೊಳೆಯ ತಳಕ್ಕಿಂತ ಕೆಟ್ಟದ್ದು.

ಎಲುಬಿಲ್ಲದ ನಾಲಿಗೆಗಳಿಗೆ ಅಷ್ಟು ಸಾಕಾಯಿತು. ನಲ್ಲಿಯ ಬಳಿ ಪಕ್ಕದ ಮನೆಯವಳು ತಂಗಿಯ ಕಿವಿಗೇ ಹಾಕಿದಳು: "ಜಾಣ ಕಣೇ ನಿಮ್ಮಣ್ಣ. ಗೊತ್ತಿದ್ದವನಿಗೇ ಹೀಗೆ ಪಾಲು ಮಾಡೋಕಾಗೋದು."

ಸಂಜೆ ತಂಗಿ ಅವನ ಬಾಗಿಲಿಗೆ ಬಂದಳು. ಒಳಗೆ ಕಾಲಿಡಲಿಲ್ಲ.

"ಅಣ್ಣಾ, ಆ ಮಣ್ಣು ನಿನ್ನ ಮನೆಗೆ ಯಾಕೆ ಹಾಕ್ಲಿಲ್ಲ?"

"ಒಳ್ಳೇದು ನಿನಗಿರ್ಲಿ ಅಂತ, ತಾಯಿ."

ಅದು ನಿಜ. ಆ ಹೊತ್ತಿನಲ್ಲಿ ಅದಕ್ಕಿಂತ ಸುಳ್ಳಾಗಿ ಕೇಳಿಸುವ ಮಾತು ಇನ್ನೊಂದಿರಲಿಲ್ಲ. ಹೆಂಡತಿ ಓಡಿಬಂದು, "ನಾನೇ ಸಾಕ್ಷಿ ಕಣಮ್ಮ, ಅದಕ್ಕೇ ಜಗಳ ಆಡಿದ್ದೆ" ಎಂದಳು. ಗಂಡನ ಪರ ಹೆಂಡತಿಯ ಸಾಕ್ಷಿ!

"ಮಗುವಿಗೆ ಹೀಗಾಗಿದ್ದು ಅದರಿಂದ್ಲೇನಾ?"

"ಡಾಕ್ಟರನ್ನ ಕೇಳಿದೆ. ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು ಅಂತಾರೆ. ಅಡ್ಡಗೋಡೆ ಮೇಲೆ ದೀಪ. ನೀವಿಬ್ಬರೂ ಇಲ್ಲಿಗೇ ಬಂದುಬಿಡಿ."

"ಈ ಮನೆಗಾ?" ಎಂದಳು. ಊರಾಚೆ ಒಂದು ಬಾಡಿಗೆ ಕೋಣೆ ಹಿಡಿದಳು.

ವಿಷಮಣ್ಣು ತೆಗೆಯಲು ತಂಗಿಯ ಮನೆ ಕೆಡವುವ ದಿನ ಯಂತ್ರವನ್ನು ಕೆಸರಣ್ಣನೇ ನಡೆಸಿದ. ಅದು ಪರರ ಕೈಯಿಂದ ಉರುಳುವುದು ಬೇಡವೆಂದ. ಗೋಡೆ ಉರುಳಿತು. ಅಗೆದಷ್ಟೂ ಕಪ್ಪು. ಕೊನೆಗೆ ತಳದಿಂದ ಹೊಳೆಯ ನೀರು ಜಿನುಗಿ, ಗುಂಡಿಯಲ್ಲಿ ಬಣ್ಣಬಣ್ಣದ ಎಣ್ಣೆಪಸೆ ತೇಲಿತು. ಮೇಲ್ವಿಚಾರಕ ಸಾಕೆಂದು ಕೈಬೀಸಿದ. ಇನ್ನು ಮರಳು ಹೊದಿಸಿ ಬೇಲಿ ಹಾಕುವುದೊಂದೇ ದಾರಿ. ಅಲ್ಲಿ ಮತ್ತೆ ಯಾರೂ ಮನೆ ಕಟ್ಟುವಂತಿಲ್ಲ.

ತಂಗಿ ಮಗಳೊಂದಿಗೆ ಬೀದಿಯಾಚೆ ನಿಂತು ನೋಡುತ್ತಿದ್ದಳು. ಅವನು ಇಳಿದದ್ದೇ ತಡ, ಮಗಳು "ಮಾಮಾ!" ಎಂದು ಕೈ ಚಾಚಿ ಓಡಿಬಂದಳು. ಮೈತುಂಬ ಕರಿಕೆಸರು ಮೆತ್ತಿದ್ದ ಕೆಸರಣ್ಣ ಹೌಹಾರಿ ಹಿಂದೆ ಸರಿದ.

"ಮುಟ್ಟಬೇಡ ಕಂದಾ, ಮುಟ್ಟಬೇಡ!"

ಹುಡುಗಿ ಅಲ್ಲೇ ನಿಂತು ಅಳತೊಡಗಿದಳು. ತಂಗಿ ಬಂದು ಮಗಳ ಕೈ ಹಿಡಿದಳು. ಅಣ್ಣನ ಮುಖ ನೋಡಲಿಲ್ಲ.

"ಬಾ ಮಗಳೇ. ಯಾವುದನ್ನ ಮುಟ್ಟಬಾರದು ಅಂತ ಮಾಮನಿಗೆ ಗೊತ್ತಿರುತ್ತೆ."

ಅವರು ತಿರುವು ದಾಟುವ ತನಕ ಅವನು ನಿಂತೇ ಇದ್ದ. ಮರಳಿನ ಲಾರಿ ಬಂತು. ಮತ್ತೆ ಯಂತ್ರ ಹತ್ತಿದ.