ಒಂದನೇ ಲೆವೆಲ್ಲಿನ ಹೆಂಡತಿ

ಮದುವೆಯಾಗಿ ಬಳ್ಳಾರಿಗೆ ಬಂದಾಗ ನನ್ನ ಗಂಡನ ಭಾನುವಾರದ ಮಧ್ಯಾಹ್ನಗಳು ಮೊದಲೇ ಬೇರೆಯವರ ಪಾಲಾಗಿದ್ದವು. ಅವನು ಆಡಿಟರ್. ವಾರವಿಡೀ ಬೇರೆಯವರ ಲೆಕ್ಕ ನೋಡಿ ಸಾಕಾದ ಮನುಷ್ಯ ಭಾನುವಾರ ಬಂತೆಂದರೆ ರೊಟ್ಟಿ ಉಂಡು, ಬಾಯಿ ಒರೆಸಿಕೊಂಡು, ಪಾರ್ವತಿನಗರದಲ್ಲೇ ನಮ್ಮಿಂದ ಎರಡು ಓಣಿ ಆಚೆಗಿದ್ದ ದಂತವೈದ್ಯನ ಮನೆಗೆ ಹೋಗುತ್ತಿದ್ದ. ವಾಪಸ್ ಬರುವುದು ದೀಪ ಹಚ್ಚುವ ಹೊತ್ತಿಗೆ. ಮೊದಮೊದಲು ನಾನು ಇಸ್ಪೀಟಿರಬೇಕು ಅಂದುಕೊಂಡೆ. ಕೇಳಿದಾಗ ನಕ್ಕ.

ಅದು ಕುಳಿತಲ್ಲೇ ಆಡುವ ಆಟ. ಒಬ್ಬ ಕಥೆ ನಡೆಸುತ್ತಾನೆ; ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿರುತ್ತಾರೆ. ಎದುರಿಗೆ ರಾಕ್ಷಸ ಬಂದಿದ್ದಾನೆ, ಏನು ಮಾಡುತ್ತೀರಿ ಎಂದು ಅವನು ಕೇಳುತ್ತಾನೆ. ಇವರು ಹೇಳಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಗೆದ್ದಷ್ಟೂ ಪಾತ್ರದ ಶಕ್ತಿ ಏರುತ್ತದೆ. ಆ ಏರಿಕೆಗೆ ಲೆವೆಲ್ ಎನ್ನುತ್ತಾರೆ. ಇವರು ವರ್ಷಗಟ್ಟಲೆ ಆಡಿ ಹದಿನೈದನೇ ಲೆವೆಲ್ಲಿಗೆ ಏರಿದ್ದರು. ಕಥೆ ನಡೆಸುವವನು ದಂತವೈದ್ಯ. ಆಡುವವರಲ್ಲಿ ಜೀನ್ಸ್ ಹೊಲಿಸಿ ಮಾರುವ ಒಬ್ಬನಿದ್ದ; ಅವನ ಮಾಂತ್ರಿಕ ಹಾರಬಲ್ಲ, ಬೆಂಕಿಯ ಮಳೆ ಸುರಿಸಬಲ್ಲ. ಒಬ್ಬ ವಕೀಲೆಯ ಬಿಲ್ಲುಗಾರ್ತಿಗೆ ಗೋಡೆಯ ಆಚೆಗಿರುವುದೂ ಕಾಣುತ್ತಿತ್ತು. ನನ್ನ ಗಂಡ ಅರ್ಚಕ. ಸತ್ತವರನ್ನು ಎಬ್ಬಿಸುವ ಮಂತ್ರ ಅವನಿಗೆ ಗೊತ್ತಿತ್ತು.

"ನಾನೂ ಬರ್ಲೇನ್ರಿ?" ಎಂದು ಬಹಳ ಸಲ ಕೇಳಿದ್ದೆ. "ನಿನಗ ತಿಳಿಯಂಗಿಲ್ಲ ಬಿಡು" ಎಂದು ಪ್ರತಿ ಸಲ ಹೇಳುತ್ತಿದ್ದ. ನಾನು ಕುರುಗೋಡಿನ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವಳು. ರಾಜರು, ಕೋಟೆಗಳು, ಯುದ್ಧಗಳು ನನಗೆ ತಿಳಿಯುವುದಿಲ್ಲ ಎನ್ನುವುದು ವಿಚಿತ್ರವಾಗಿತ್ತು. ಆದರೂ ಹೊಸ ಹೆಂಡತಿ, ಸುಮ್ಮನಿದ್ದೆ.

ಆಮೇಲೊಂದು ಬೇಸಿಗೆಯಲ್ಲಿ ಅವರ ಐದನೆಯವನಿಗೆ ಬೇರೆ ಊರಿಗೆ ವರ್ಗವಾಯಿತು. ಒಂದು ಕುರ್ಚಿ ಖಾಲಿಯಾಯಿತು. ದಂತವೈದ್ಯನೇ ಫೋನು ಮಾಡಿದ: "ಅತ್ತಿಗಿ, ಈ ಭಾನುವಾರ ಗೆಸ್ಟಾಗಿ ನೀವ ಬರ್ರಿ."

ಆ ವಾರ ಕುರುಗೋಡಿಗೆ ಹೋಗಿಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಫೋನಿನಲ್ಲಿ ಆಟದ ನಿಯಮಗಳನ್ನೆಲ್ಲ ಓದಿದೆ. ಹರಿಗೋಲು ನಡೆಸುವ ಒಬ್ಬ ಹೆಂಗಸನ್ನು ನನ್ನ ಪಾತ್ರವಾಗಿ ಕಟ್ಟಿದೆ. ಕೆಂಚನಗುಡ್ಡದ ಹತ್ತಿರ ನನ್ನ ತಾಯಿಯ ತವರು. ಹೊಳೆ ನೋಡುತ್ತ ಬೆಳೆದವಳು ನಾನು. ನನ್ನ ಹೆಂಗಸಿಗೆ ನೀರಿನ ಸಪ್ಪಳದಿಂದಲೇ ಅದರ ಆಳ, ಸೆಳವು ತಿಳಿಯುತ್ತಿತ್ತು. ಗಂಡ ತೀರಿಕೊಂಡಿದ್ದ. ಯಾರಿಗೂ ಹೆದರುತ್ತಿರಲಿಲ್ಲ, ಹಾವೊಂದನ್ನು ಬಿಟ್ಟು. ಅವಳು ಹೇಗೆ ನಗುತ್ತಾಳೆ ಎಂಬುದನ್ನೂ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಗೊತ್ತುಮಾಡಿಕೊಂಡಿದ್ದೆ.

ದಂತವೈದ್ಯನ ಮನೆಯ ಮಹಡಿ ಕೋಣೆಯಲ್ಲಿ ದೊಡ್ಡ ಕೂಲರು ಗರಗರ ಅನ್ನುತ್ತಿತ್ತು. ಮೇಜಿನ ಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಇಟ್ಟಿದ್ದರು. ಎಲ್ಲರೂ ಎದ್ದು ನಿಂತು ಬರಮಾಡಿಕೊಂಡರು. ಕೂತ ಮೇಲೆ ವಕೀಲೆ ಹೇಳಿದಳು, "ಇವರಿಗೂ ಹದಿನೈದನೇ ಲೆವೆಲ್ಲಿನ ಪಾತ್ರಾನ ಕೊಟ್ಟುಬಿಡೋಣು. ಒಂದಿನದ್ದ ಮಾತು."

"ಬ್ಯಾಡ" ಎಂದ ನನ್ನ ಗಂಡ. "ನಾವೆಲ್ಲ ಕಷ್ಟಪಟ್ಟು ಮ್ಯಾಲ ಬಂದೀವಿ. ಪುಕ್ಕಟ ಯಾಕ ಕೊಡೋದು? ಒಂದರಿಂದ ಶುರು ಮಾಡ್ಲಿ."

"ಅಯ್ಯೋ, ವದಿನಾ ಒಂದ ಏಟಿಗೆ ಸತ್ತುಹೋಗ್ತಾರ" ಎಂದ ಜೀನ್ಸಿನವ. ಅವನ ಮನೆಮಾತು ತೆಲುಗು. ಅತ್ತಿಗೆಯನ್ನು ವದಿನಾ ಎನ್ನುತ್ತಿದ್ದ.

"ಸಾಯ್ಲಿ ಬಿಡು. ನಾ ಎಬ್ಬಸ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಆ ಮಾತು ಕೇಳಿ ನನಗೆ ಹಿಗ್ಗೇ ಆಯಿತು. ನಾಲ್ಕು ಜನರ ಮುಂದೆ ಗಂಡ ನನ್ನ ಜೀವಕ್ಕೆ ಹೊಣೆಯಾದನಲ್ಲ ಎಂದು.

ಕಥೆ ಒಂದು ನೆಲದಡಿಯ ಕೋಟೆಯಲ್ಲಿ ನಡೆಯುತ್ತಿತ್ತು. ಸತ್ತ ರಾಜನೊಬ್ಬನ ಖಜಾನೆಗೆ ಹೋಗುವ ಉದ್ದನೆಯ ಓಣಿ. ಅದರಲ್ಲಿ ಬಾಗಿಲ ಮೇಲೆ ಬಾಗಿಲು, ಪ್ರತಿ ಬಾಗಿಲ ಮುಂದೆ ಒಂದು ಕಾಣದ ಮೋಸ. "ಏನ್ ಮಾಡ್ತೀರಿ?" ಎಂದು ದಂತವೈದ್ಯ ಕೇಳಿದ.

ನಾನು ಕೈ ಎತ್ತಿದೆ. ತರಗತಿಯಲ್ಲಿ ಹುಡುಗಿಯರು ಎತ್ತುತ್ತಾರಲ್ಲ, ಹಾಗೆ. "ನೆಲಕ್ಕ ಕಿವಿ ಹಚ್ಚಿ ಕೇಳ್ತೀನಿ. ಕೆಳಗ ನೀರು ಹರೀತಿದ್ರ ಎಲ್ಲಿ ಟೊಳ್ಳೈತಿ ಅಂತ ತಿಳೀತೈತಿ."

ದಾಳ ಹಾಕಿದೆ. ಇಪ್ಪತ್ತು ಬಿತ್ತು. ಅದಕ್ಕಿಂತ ದೊಡ್ಡದು ಆ ದಾಳದಲ್ಲಿ ಇಲ್ಲ. ನಾನು ಚಪ್ಪಾಳೆ ತಟ್ಟಿದೆ.

ದಂತವೈದ್ಯ ದಾಳವನ್ನು ನೋಡಿದ, ನನ್ನ ಗಂಡನನ್ನು ನೋಡಿದ. "ಹ್ಞೂಂ. ನೀರಿನ ಸಪ್ಪಳ ಕೇಳತೈತಿ" ಎಂದ.

"ಮತ್ತ?"

"ಅಷ್ಟ. ಚಲೋ ಕೇಳತೈತಿ."

ಜೀನ್ಸಿನವ ಕಿಸಕ್ಕನೆ ನಕ್ಕ. ನನ್ನ ಗಂಡ ಮಿರ್ಚಿಯ ತೊಟ್ಟು ಮುರಿಯುತ್ತ, ನನ್ನ ಕಡೆ ನೋಡದೆ ಹೇಳಿದ, "ನೀ ಮುಂದ ನಡಿ."

"ನಾನಾ? ಯಾಕ್ರಿ?"

"ನಡಿ ನೀ. ನಾ ಹಿಂದ ಅದೀನಲ್ಲ."

ನಡೆದೆ. ಮೊದಲ ಬಾಗಿಲಲ್ಲಿ ಬೆಂಕಿ ಬಂತು. ದಂತವೈದ್ಯ ಅದನ್ನು ಚೆನ್ನಾಗಿಯೇ ವರ್ಣಿಸಿದ: ಮೊದಲು ಕೂದಲು, ಆಮೇಲೆ ಹುಬ್ಬು, ಆಮೇಲೆ ತುಟಿ. ಹಲ್ಲು ಮಾತ್ರ ಉಳಿದವು ಅಂದಾಗ ಎಲ್ಲರೂ ಅವನ ಕಸುಬು ನೆನೆದು ನಕ್ಕರು. ನನ್ನ ಗಂಡ ಮಂತ್ರ ಹಾಕಿದ. ನನ್ನ ಹೆಂಗಸು ಎದ್ದು ಕೂತಳು. "ಥ್ಯಾಂಕ್ಸ್ ರೀ" ಎಂದೆ ನಾನು, ನಿಜವಾದ ಪ್ರೀತಿಯಿಂದ.

"ಮುಂದಿನ ಬಾಗ್ಲ" ಎಂದ ಅವನು.

ಎರಡನೆಯದರಲ್ಲಿ ಛಾವಣಿ ಕುಸಿಯಿತು. ಎಬ್ಬಿಸಿದ. ಮೂರನೆಯದರಲ್ಲಿ ನೆಲದೊಳಗಿಂದ ಈಟಿಗಳು ಎದ್ದವು. ನಾನು ಸಿಕ್ಕಿಕೊಂಡು ಅಲ್ಲೇ ಉಳಿದೆ. ಹೆಣ ತರಲು ಹೋದರೆ ತರುವವರಿಗೂ ಅಪಾಯ; ಹೇಗೋ ತಂದು ಎಬ್ಬಿಸಿದರು. ಆಗ ವಕೀಲೆ, ನನಗೆ ದೊಡ್ಡ ಪಾತ್ರ ಕೊಡಿ ಎಂದಿದ್ದವಳೇ, ಮೆತ್ತಗೆ ಹೇಳಿದಳು, "ಸೊಂಟಕ್ಕೊಂದು ಹಗ್ಗ ಕಟ್ರಿ. ಸತ್ತ ಕೂಡ್ಲೆ ಹಿಂದಕ ಎಳಕೊಂಡ್ರಾತು."

"ಶಾಣ್ಯಾಕಿ!" ಎಂದ ಜೀನ್ಸಿನವ. ನಗುವಿಗೆ ಅವನ ಕಣ್ಣಲ್ಲಿ ನೀರು ಬಂದಿತ್ತು.

ಹಗ್ಗ ಕಟ್ಟಿದರು. ಹೋಗುವುದು, ಸಾಯುವುದು, ಎಳೆದುಕೊಳ್ಳುವುದು, ಏಳುವುದು. ಇನ್ನೇನು ಮಾಡಬಹುದೆಂದು ನಾನು ಹೇಳಲು ಹೋದಾಗಲೆಲ್ಲ ಯಾರಾದರೊಬ್ಬರು "ಹಗ್ಗ ಗಟ್ಟಿ ಐತೇನು ನೋಡ್ರಿ" ಅನ್ನುತ್ತಿದ್ದರು, ಮತ್ತೆ ನಗು. ನಾನು ಗಂಡನ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಸಿಟ್ಟಿರಲಿಲ್ಲ, ಹಗೆಯೂ ಇರಲಿಲ್ಲ. ಸಂಜೆಯೊಳಗೆ ಮುಗಿಸಬೇಕಾದ ಕೆಲಸವನ್ನು ಚೊಕ್ಕಟವಾಗಿ ಮುಗಿಸುವ ಮನುಷ್ಯನ ನೆಮ್ಮದಿ ಇತ್ತು. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆ. ಆ ನೆಮ್ಮದಿಯನ್ನು ಮರೆಯಲು ಆಗಲಿಲ್ಲ.

ಹಾವುಗಳ ಬಾಗಿಲು ಬಂತು. ನನ್ನ ಹೆಂಗಸಿಗೆ ಹಾವಿನ ಹೆದರಿಕೆ ಎಂದು ಆಟಕ್ಕೆ ಮೊದಲು ನಾನೇ ಸಂಭ್ರಮದಿಂದ ಎಲ್ಲರಿಗೂ ಹೇಳಿಕೊಂಡಿದ್ದೆ. ದಂತವೈದ್ಯ ಅದನ್ನು ನೆನಪಿಟ್ಟುಕೊಂಡಿದ್ದ. ನಿಧಾನವಾಗಿ ಸಾಯಿಸಿದ. ನಾನು ಸತ್ತ ಮೇಲೆ ನನ್ನ ಗಂಡ ಎಂದಿನಂತೆ "ಎಬ್ಬಸ್ತೀನಿ" ಎಂದು ಬಾಯಿ ತೆರೆದ.

"ನನ್ನ ಕೇಳ್ರಿ" ಎಂದೆ.

"ಏನ ಕೇಳೋದು?"

"ಸತ್ತಾಕಿಗೆ ತಿರುಗಿ ಬರಾಕ ಮನಸೈತೇನಂತ ಕೇಳಬೇಕು. ನಿಯಮ ಐತಿ. ಆಕಿ ಒಲ್ಲೆ ಅಂದ್ರ ಮಂತ್ರ ನಡೆಯಂಗಿಲ್ಲ."

ದಂತವೈದ್ಯ ಪುಸ್ತಕ ತಿರುವಿ ನೋಡಿದ. ಹುಬ್ಬೇರಿಸಿದ. ಆಮೇಲೆ ನಾಟಕದ ದನಿಯಲ್ಲಿ ಕೇಳಿದ, "ಎಲೌ ಆತ್ಮವೇ, ತಿರುಗಿ ಬರ್ತೀಯಾ?"

"ಒಲ್ಲೆ."

ಯಾರೂ ನಗಲಿಲ್ಲ. ನನ್ನ ಗಂಡ ಮೊದಲ ಸಲ ನನ್ನ ಕಡೆ ಪೂರ್ತಿ ತಿರುಗಿ ಕೂತ.

"ಹುಚ್ಚು ಗಿಚ್ಚು ಹಿಡಿದೈತೇನು? ಇನ್ನೂ ಬಾಗ್ಲ ಅದಾವು."

"ಇರ್ಲಿ."

"ಆಟ ಇದು."

"ಆಟದಾಗ ಹೇಳಾಕತ್ತೀನಿ ನಾನೂ."

"ಮಂದಿ ಮುಂದ ಮಾನ ಕಳೀಬ್ಯಾಡ. ಹ್ಞೂಂ ಅನ್ನು."

ಅನ್ನಲಿಲ್ಲ. ದಂತವೈದ್ಯ ಪುಸ್ತಕ ಮುಚ್ಚಿ ಬಹಳ ಮರ್ಯಾದೆಯಿಂದ ಹೇಳಿದ, "ಹಂಗಾದ್ರ ನಿಮ್ಮ ಆಟ ಮುಗೀತ್ರಿ ಅತ್ತಿಗಿ. ಕೆಳಗ ನಮ್ಮಾಕಿ ಚಾ ಮಾಡಾಕತ್ತಾಳ. ಒಂದೀಟು ಕೈಗೂಡಸ್ರಿ."

ಕೆಳಗೆ ಇಳಿದು ಹೋದೆ. ದಂತವೈದ್ಯನ ಹೆಂಡತಿ ಶುಂಠಿ ಜಜ್ಜುತ್ತಿದ್ದಳು. ನನ್ನ ಮುಖ ನೋಡಿ ಏನೂ ಆಶ್ಚರ್ಯಪಡಲಿಲ್ಲ.

"ನಿಮ್ಮನ್ನ ಯಾದರಿಂದ ಸಾಯಿಸಿದ್ರು?"

"ಹಾವು. ಅದರಕಿಂತ ಮೊದ್ಲ ಬೆಂಕಿ, ಈಟಿ, ಎಲ್ಲಾ ಆದುವು."

"ನನ್ನ ಕಲ್ಲು ಮಾಡಿದ್ರು. ಮೂರು ವರ್ಷ ಆತು." ಶುಂಠಿಯನ್ನು ಕುದಿಯುವ ನೀರಿಗೆ ಸುರಿದಳು. "ಕಲ್ಲು ಮಾಡಿ ಒಂದು ಬಾಗ್ಲಿಗೆ ಆನಿಸಿ ಇಟ್ಟಾರ, ಅದು ಮುಚ್ಚಿಕೊಳ್ಳಬಾರದಂತ. ಇನ್ನೂ ಅಲ್ಲೇ ಅದೀನಂತ. ಆ ದಾರಿಲೆ ಹೋಗೋಮುಂದ ನನ್ನ ತಲಿ ಮ್ಯಾಲ ಅರಿವಿ ಒಣಹಾಕ್ತಾರಂತ, ಇವರ ಹೇಳಿದ್ರು."

ನಾನು ಕಪ್ಪುಗಳನ್ನು ಜೋಡಿಸಿದೆ. ಅವಳು ಸಕ್ಕರೆ ಹಾಕುತ್ತ, "ನಿಮ್ಮವರಿಗೆ ಎಷ್ಟು?" ಎಂದು ಕೇಳಿದಳು. ನಮ್ಮ ಮಾತು ಅಷ್ಟಕ್ಕೇ ಮುಗಿಯಿತು. ಮೇಲಿನಿಂದ ಮತ್ತೆ ನಗು ಕೇಳಿಬಂತು. ನಾನಿಲ್ಲದೆಯೂ ಓಣಿ ದಾಟಿದ್ದರು. ಜೀನ್ಸಿನವನ ಮಾಂತ್ರಿಕ ಹಾರಿಕೊಂಡು ಹೋಗಿ ಉಳಿದ ಬಾಗಿಲುಗಳನ್ನು ದೂರದಿಂದಲೇ ಸುಟ್ಟನಂತೆ. ಅದನ್ನು ಮೊದಲ ಬಾಗಿಲಿನಿಂದಲೇ ಮಾಡಬಹುದಿತ್ತು.

ಆ ಸಂಜೆ ಮನೆಯಲ್ಲಿ ಜಗಳವಾಗಲಿಲ್ಲ. "ನಿನಗ ತಿಳಿಯಂಗಿಲ್ಲ ಅಂತ ಮೊದಲ ಹೇಳಿದ್ದೆ" ಎಂದು ಅವನು ಟಿವಿ ಹಚ್ಚಿದ.

ಮುಗಿದುಹೋಗಬೇಕಾಗಿದ್ದ ವಿಷಯ. ಆದರೆ ಅವನಿಗೆ ಅದು ಒಳ್ಳೆಯ ಕಥೆಯಾಯಿತು. ಆಫೀಸಿನಲ್ಲಿ ಹೇಳಿದ, ಮದುವೆ ಊಟದ ಪಂಕ್ತಿಯಲ್ಲಿ ಹೇಳಿದ, ಮನೆಯಲ್ಲೇ ಇರುವ ತನ್ನ ತಾಯಿಗೆ ಹೇಳಿದ. ಸಾಯುವಾಗ ನಾನು "ಅಯ್ಯಯ್ಯ" ಅಂದಿದ್ದೆನಂತೆ. ಅಂದಿರಬಹುದು. ಆ ದನಿಯನ್ನು ಅವನು ದಿನದಿಂದ ದಿನಕ್ಕೆ ಹೆಚ್ಚು ತೀಡಿದ.

ನಾಗರಪಂಚಮಿಗೆ ನಾನು ಸಿರುಗುಪ್ಪದ ತವರಿಗೆ ಹೋದೆ. ಹಬ್ಬ ಮುಗಿದ ಮೇಲೆ ಕರೆದುಕೊಂಡು ಹೋಗಲು ಅವನು ಕಾರಿನಲ್ಲಿ ಬಂದ. ಅಳಿಯ ಬಂದನೆಂದು ಮನೆ ತುಂಬ ಜನ: ಅಪ್ಪ, ಅವ್ವ, ತಮ್ಮ, ಇಬ್ಬರು ಚಿಕ್ಕಪ್ಪಂದಿರು, ಭತ್ತದ ವ್ಯಾಪಾರದಲ್ಲಿ ಅಪ್ಪನ ಜೊತೆಗಿದ್ದ ಹಿರಿಯರೊಬ್ಬರು. ಶೇಂಗಾ ಉಂಡಿ ತಿನ್ನುತ್ತ ಅವನು ಶುರು ಮಾಡಿದ. ಆಟವೆಂದರೇನೆಂದು ತಿಳಿಯದವರಿಗೂ ಕಥೆ ತಿಳಿಯಿತು. ಹಗ್ಗದ ಭಾಗಕ್ಕೆ ಬಂದಾಗ ಎದ್ದು ನಿಂತು ಎಳೆದು ತೋರಿಸಿದ, "ಅಯ್ಯಯ್ಯ" ಎಂದ. ನನ್ನ ತಮ್ಮ ನೆಲ ಬಡಿದು ನಕ್ಕ. ಚಿಕ್ಕಪ್ಪಂದಿರು ನಕ್ಕರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಸಣ್ಣಾಕಿದ್ದಾಗಿಂದ ಹಿಂಗ ಇಕಿ. ಮುಂದ ಹೋಗಂದ್ರ ಕಣ್ಣು ಮುಚ್ಚಿ ಹೋಗಾಕಿ" ಎಂದಳು.

ಅವ್ವ ನಗದೆ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ.

"ನಾನೂ ಒಂದು ಕಥಿ ಹೇಳ್ತೀನಿ" ಎಂದೆ.

ಮದುವೆಯಾದ ಹೊಸದರಲ್ಲಿ ನನ್ನ ಗಂಡ ನನಗೊಂದು ವಿಷಯ ಹೇಳಿದ್ದ. ಆಡಿಟರ್ ಪರೀಕ್ಷೆಯಲ್ಲಿ ಅವನು ಮೇಲಿಂದ ಮೇಲೆ ಫೇಲಾಗಿದ್ದ. ಫಲಿತಾಂಶ ಬಂದ ದಿನವೆಲ್ಲ ಬಚ್ಚಲಿಗೆ ಹೋಗಿ, ತಾಯಿಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟು, ಬಾಯಿಗೆ ಟವೆಲು ತುರುಕಿಕೊಂಡು ಅಳುತ್ತಿದ್ದನಂತೆ. ಒಂದು ಸಲ ನಲ್ಲಿಯ ನೀರು ನಿಂತುಹೋಗಿ, ಅತ್ತದ್ದು ಹೊರಗೆಲ್ಲ ಕೇಳಿ, ತಾಯಿ ಬಾಗಿಲು ಬಡಿದಾಗ "ಹೊಟ್ಟಿ ನೋಯಾಕತ್ತೈತಿ" ಅಂದಿದ್ದನಂತೆ. ಬೇರೆ ಯಾರಿಗೂ ಹೇಳಿಲ್ಲ ಎಂದಿದ್ದ. ಹೇಳುವಾಗ ನನ್ನ ಕೈ ಹಿಡಿದುಕೊಂಡಿದ್ದ.

ಅದನ್ನು ಹೇಳಿದೆ. ಎಲ್ಲರ ಮುಂದೆ, ಒಂದೂ ಬಿಡದೆ. ಟವೆಲಿನ ಬದಲಿಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತು ತೋರಿಸಿದೆ. ನೀರು ನಿಂತಾಗ ಅಳು ಹೇಗೆ ಹೊರಬಿತ್ತೆಂದು ತೋರಿಸಿದೆ. ಹೊಟ್ಟೆ ಹಿಡಿದುಕೊಂಡೆ. ತರಗತಿಯಲ್ಲಿ ಕಥೆ ಹೇಳಿ ಅಭ್ಯಾಸವಾದ ನಾಲಿಗೆ ನನ್ನದು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಏರಿಸಬೇಕು ಅದಕ್ಕೆ ಗೊತ್ತು. ಅವನ ಕಥೆಗಿಂತ ನನ್ನ ಕಥೆಗೆ ಜೋರು ನಗು ಬಂತು. ಅಪ್ಪನೂ ನಕ್ಕರು. ವ್ಯಾಪಾರದ ಹಿರಿಯರು ಕಣ್ಣೊರೆಸಿಕೊಂಡು, "ಹೊಟ್ಟಿ ಹ್ಯಾಂಗೈತ್ರಿ ಅಳಿಯಾರ ಈಗ?" ಎಂದು ಕೇಳಿದರು.

ನನ್ನ ಗಂಡ ಕೈಯಲ್ಲಿದ್ದ ಉಂಡಿಯನ್ನು ತಟ್ಟೆಗೆ ಇಟ್ಟ. ನಗಲು ನೋಡಿದ, ಬಾಯಿ ಮಾತ್ರ ಅಗಲವಾಯಿತು. ಆ ಮುಖ ನೋಡಿ ನನಗೆ ಅಯ್ಯೋ ಅನಿಸಬೇಕಿತ್ತು. ಅನಿಸಲಿಲ್ಲ. ಬಿಸಿಲಲ್ಲಿ ನಡೆದು ಬಂದವಳಿಗೆ ತಣ್ಣೀರು ಸಿಕ್ಕ ಹಾಗಿತ್ತು.

ವಾಪಸ್ ಬರುವಾಗ ದಾರಿಯ ಎರಡೂ ಕಡೆ ನಾಟಿ ಮಾಡಿದ ಗದ್ದೆಗಳು. ತೆಕ್ಕಲಕೋಟೆ ದಾಟಿದ ಮೇಲೆ, ಅವನು ರಸ್ತೆ ನೋಡುತ್ತಲೇ ಕೇಳಿದ, "ಅದನ್ನ ಯಾಕ ಹೇಳಿದಿ?"

"ಚಲೋ ಕಥಿ ಅಲ್ಲೇನ್ರಿ?"

"ಅದು ಆಟಲ್ಲ. ಖರೇನ ಆಗಿದ್ದದು."

"ಹೌದು" ಎಂದೆ.

ಅಂದಿನಿಂದ ಅವನು ನನ್ನ ಕಥೆಯನ್ನು ಯಾರಿಗೂ ಹೇಳಿಲ್ಲ. ನನಗೂ ಏನನ್ನೂ ಹೇಳಿಲ್ಲ. ಎದೆ ನೋವೆಂದು ತಪಾಸಣೆ ಮಾಡಿಸಿಕೊಂಡು ಬಂದಿದ್ದು ನನಗೆ ಔಷಧದಂಗಡಿಯವನಿಂದ ತಿಳಿಯಿತು. ಕೇಳಿದರೆ, "ಏನಿಲ್ಲ, ಗ್ಯಾಸು" ಎಂದ. ನನ್ನಿಂದ ಅವನು ಮುಚ್ಚಿಡುವುದು ಸರಿಯೇ. ನಾನೂ ಕಾಲೇಜಿನಲ್ಲಿ ಆದ ಅವಮಾನ, ಸಿಕ್ಕ ಹೊಗಳಿಕೆ ಎರಡನ್ನೂ ಕುರುಗೋಡಿನ ಬಸ್‌ನಿಲ್ದಾಣದಲ್ಲೇ ಬಿಟ್ಟು ಬರುತ್ತೇನೆ. ಹಾಲು ಮುಗಿದಿದೆ, ಗ್ಯಾಸ್ ಸಿಲಿಂಡರು ಬುಕ್ ಮಾಡಬೇಕು, ನಾಳೆ ಕರೆಂಟು ಇರುವುದಿಲ್ಲ: ಇಂಥವನ್ನು ಇಬ್ಬರೂ ತಪ್ಪದೆ ಹೇಳಿಕೊಳ್ಳುತ್ತೇವೆ.

ಭಾನುವಾರ ಅವನು ಈಗಲೂ ಹೋಗುತ್ತಾನೆ. ನಾನು ಬಾಗಿಲು ಹಾಕಿಕೊಂಡು ಮಲಗುತ್ತೇನೆ. ಗಂಡ ಹೆಂಡತಿ ಒಂದು ದಿನವೂ ದನಿ ಏರಿಸಿದ್ದು ಕೇಳಿಲ್ಲ ಎಂದು ನನ್ನ ಅತ್ತೆ ಓಣಿಯವರ ಮುಂದೆಲ್ಲ ನಮ್ಮನ್ನು ಹೊಗಳುತ್ತಾರೆ.